ಎಂಟನೆಯ ವರ್ಷದ ಇಕ್ಕಳ

ಅಬಿಡೋಸ್ ಬಂದರಿನ ಸುಂಕದ ಉಗ್ರಾಣದಲ್ಲಿ ಮೂವತ್ತು ವರ್ಷ ಸೀಸದ ಮುದ್ರೆ ಒತ್ತಿದ ಸಿಸಿನ್ನಿಯೋಸ್ ಒಮ್ಮೆಯೂ ಸುಳ್ಳಾಡಿದವನಲ್ಲ. ಆ ಒಳ್ಳೆಯ ಹೆಸರೇ ಕೊನೆಗೆ ಅವನ ಕೊರಳಿಗೆ ಉರುಳಾಯಿತು.

ಅಂದು ಸೆಪ್ಟೆಂಬರ್ ಒಂದು, ಅಲ್ಲಿನ ಲೆಕ್ಕದಲ್ಲಿ ಹೊಸ ವರ್ಷ. ಹಿಂದಿನ ಸಂಜೆ ಸೂರ್ಯ ಮುಳುಗಿದ ಮೇಲೆ ಹದಿನೈದು ವರ್ಷದ ಸುತ್ತಿನಲ್ಲಿ ಎಂಟನೆಯ ವರ್ಷದ ಅಂಕಿಯನ್ನು ಬಾಯಲ್ಲಿ ಕೊರೆದ ಮುದ್ರೆಯ ಇಕ್ಕಳವನ್ನು ಯಾರೂ ಮುಟ್ಟುವಂತಿಲ್ಲ. ಒಂಬತ್ತನೆಯದು ಪಕ್ಕದ ಗೂಟದಲ್ಲೇ ತೂಗುತ್ತಿತ್ತು. ಗುಮಾಸ್ತರೆಲ್ಲ ಚರ್ಚಿನ ಮೆರವಣಿಗೆಗೆ ಹೋಗಿದ್ದರು. ಬೆಳ್ಳಂಬೆಳಗ್ಗೆ ಅಳಿಯ ಪೋಥೋಸ್ ಎರಡು ರೇಷ್ಮೆ ಮೂಟೆ ಹೊರಿಸಿಕೊಂಡು ಬಂದ.

“ಮಾವ, ದಕ್ಷಿಣದ ಗಾಳಿ ಎದ್ದಿದೆ. ಬೇಗ ಒತ್ತಿಬಿಡಿ, ಹಡಗು ಹತ್ತುತ್ತೀನಿ.”

“ಗುಮಾಸ್ತರು ಬರಲಿ ತಡೀರಿ.”

“ಅವರು ಮೆರವಣಿಗೆ ಮುಗಿಸಿ, ಮೀನು ತಿಂದು, ನಿದ್ದೆ ತೆಗೆದು ಬರೋ ಹೊತ್ತಿಗೆ ನಿಮ್ಮ ಮಗಳು ಹೆತ್ತೇಬಿಟ್ಟಿರ್ತಾಳೆ!”

ಮುದುಕ ನಕ್ಕುಬಿಟ್ಟ. ಸೀಸದ ಬಿಲ್ಲೆಯ ತೂತಿನಲ್ಲಿ ಮೂಟೆಯ ದಾರ ಪೋಣಿಸಿ, ಇಕ್ಕಳದ ಬಾಯಿಗಿಟ್ಟು ಸುತ್ತಿಗೆಯಿಂದ ಹೊಡೆದ. ಕಣ್ಣು ಮಂಜಾಗಿದ್ದನ್ನು ಅವನು ಮನೆಯಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ. ವರ್ಷವಿಡೀ ಹೋದ ಹಳೆಯ ಗೂಟಕ್ಕೇ ಕೈ ಹೋಗಿತ್ತು, ಅದು ಅವನಿಗೆ ತಿಳಿಯಲಿಲ್ಲ.

ಮಧ್ಯಾಹ್ನ ಪದ್ಧತಿಯಂತೆ ಸುಂಕದ ಅಧಿಕಾರಿ ಸ್ತೌರಾಕಿಯೋಸನ ಮುಂದೆ ಮುದುಕ ಸುವಾರ್ತೆಯ ಗ್ರಂಥದ ಮೇಲೆ ಕೈಯಿಟ್ಟು, “ನಿನ್ನೆ ಸಂಜೆಯಿಂದೀಚೆಗೆ ಹಳೆಯ ಇಕ್ಕಳದಲ್ಲಿ ಒಂದೂ ಮುದ್ರೆ ಒತ್ತಿಲ್ಲ” ಎಂದು ಆಣೆಯಿಟ್ಟ. ಆಮೇಲೆ ತಾನೇ ಅರದಿಂದ ಅದರ ಅಚ್ಚನ್ನು ಉಜ್ಜಿ ಅಳಿಸಿದ.

ಅರ ಕೆಳಗಿಡುವಷ್ಟರಲ್ಲಿ ಪೋಥೋಸನನ್ನು ಕೈಕಟ್ಟಿ ಎಳೆತಂದರು. ಹಡಗುಕಟ್ಟೆಯಲ್ಲಿ ಮೂಟೆಯ ಮುದ್ರೆ ಓದಿದ್ದರು. ಎಂಟನೆಯ ವರ್ಷ! ಹಳೆಯ ಮೂಟೆಯ ಮುದ್ರೆ ಕಿತ್ತು ಕಳ್ಳಸರಕಿಗೆ ಕಟ್ಟಿದ್ದಾನೆಂಬುದು ಆರೋಪ. ಅದಕ್ಕೆ ಶಿಕ್ಷೆ ಬಲಗೈ.

“ಮಾವ, ನೀವೇ ಹೇಳಿ ಇವರಿಗೆ!”

ಸಿಸಿನ್ನಿಯೋಸ್ ಅಧಿಕಾರಿಯತ್ತ ತಿರುಗಿದ. “ಒಡೆಯಾ, ನಾನೇ ಒತ್ತಿದ್ದು. ಇವತ್ತು ಬೆಳಗ್ಗೆ. ಕಣ್ಣು ಕಾಣಲಿಲ್ಲ, ಇಕ್ಕಳ ಅದಲುಬದಲಾಯ್ತು. ಕಡೀಬೇಕಾದ್ರೆ ನನ್ನ ಕೈ ಕಡೀರಿ.”

ಅಧಿಕಾರಿ ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಬೈದಾದರೂ ಸಮಾಧಾನಪಡಬಹುದಿತ್ತು. ಅವನು ಮುದುಕನ ಹೆಗಲ ಮೇಲೆ ಕೈಯಿಟ್ಟ.

“ಯಜಮಾನ್ರೇ, ಈಗಷ್ಟೇ ದೇವರ ಮೇಲೆ ಆಣೆ ಇಟ್ರಿ. ಮೂವತ್ತು ವರ್ಷದಲ್ಲಿ ನಿಮ್ಮ ಆಣೆ ಒಂದಾದ್ರೂ ಸುಳ್ಳಾಗಿದೆಯಾ? ಬಸುರಿ ಮಗಳ ಗಂಡ, ಕರುಳು ಕೇಳಲ್ಲ, ಗೊತ್ತು. ಆದ್ರೆ ಸುಳ್ಳು ಹೇಳೋಕೆ ನಿಮಗೆ ಬರಲ್ಲ, ಬಿಡಿ.”

“ಆಣೆಯೇ ಸುಳ್ಳು ಒಡೆಯಾ, ಇದು ನಿಜ!” ಮುದುಕ ಅಂಗಲಾಚಿದ, ಕಾಲು ಹಿಡಿದ. ನಿಂತವರಿಗೆಲ್ಲ ಅಯ್ಯೋ ಎನಿಸಿತೇ ಹೊರತು ಒಬ್ಬರೂ ನಂಬಲಿಲ್ಲ.

ಶಿಕ್ಷೆಯ ಪತ್ರ ಬರೆದಾಯಿತು. ಅದಕ್ಕೂ ಸೀಸದ ಮುದ್ರೆ ಬೇಕು, ಉಗ್ರಾಣದಲ್ಲಿ ಮುದ್ರೆ ಒತ್ತುವವನು ಮುದುಕನೊಬ್ಬನೇ. ಕಾವಲಿನವರು ಅವನನ್ನು ಎಬ್ಬಿಸಿ ಕೈಗೆ ಸುತ್ತಿಗೆ ಕೊಟ್ಟರು. ಪೋಥೋಸ್ ಮಾವನನ್ನೇ ನೋಡುತ್ತ ನಿಂತಿದ್ದ.

ಸಿಸಿನ್ನಿಯೋಸ್ ಹೊಡೆದ. ಏಟಿಗೆ ಬಿಸಿಯಾದ ಸೀಸದ ಮೇಲೆ ಬೆರಳಾಡಿಸಿ ಅಂಕಿಯನ್ನು ತಡವಿ ನೋಡಿದ. ಒಂಬತ್ತು. ಈ ಸಲ ತಪ್ಪಾಗಿರಲಿಲ್ಲ.