ಬಾಯಿಗಿಡದ ವೀಳ್ಯ

ದಿಲ್ಲಿಯಲ್ಲಿ ದೊಡ್ಡ ದೊಡ್ಡವರಿಗೆ ಬುದ್ಧಿ ಹೇಳುವ ಮನುಷ್ಯ ನಮ್ಮೂರವನು ಅಂತ ಮಾಂಬಳ್ಳಿಗೆಲ್ಲ ಹೆಮ್ಮೆ. ಆ ವಿದೇಶಾಂಗ ಸಲಹೆಗಾರ ಮಲ್ಲಿಕಾರ್ಜುನಸ್ವಾಮಿ ಅಕ್ಕ ಗುರುಸಿದ್ದಮ್ಮನ ಮೊಮ್ಮಗಳ ನಾಮಕರಣಕ್ಕೆ ಬಂದು ಇನ್ನೂ ಕಾಲು ತೊಳೆದಿರಲಿಲ್ಲ, ಮಂತ್ರಿಗಳ ಸಭೆಗೆ ಕರೆ ಬಂತು. ಕೂಸಿನ ಅಪ್ಪ, ಅಕ್ಕನ ಒಬ್ಬನೇ ಮಗ ಬಸವಕುಮಾರ, ಮಗಳ ಮುಖವನ್ನೂ ನೋಡದೆ ಗಡಿಯಲ್ಲಿ ಬಂದೂಕು ಹಿಡಿದು ನಿಂತಿದ್ದ. ಸಭೆ ತೀರ್ಮಾನಿಸಬೇಕಾದದ್ದು ಒಂದೇ: ಪಕ್ಕದ ದೇಶದ ಮೇಲೆ ಯುದ್ಧಕ್ಕೆ ಹೋಗುವುದೋ, ತಡೆಯುವುದೋ.

ಮಲ್ಲಿಕಾರ್ಜುನಸ್ವಾಮಿ ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತ. ತಡೆಯಬೇಕು ಅನ್ನೋದು ಅವನ ಮನಸ್ಸು. ಆ ಕಡೆಯ ರಾಯಭಾರಿ ಮಾತುಕತೆಗೆ ಬರುತ್ತೇವೆ ಅಂತ ಗುಟ್ಟಾಗಿ ಇವನಿಗೇ ಹೇಳಿಕಳಿಸಿದ್ದ. ಅದನ್ನು ಮಂತ್ರಿಗಳ ಕಿವಿಗೂ ಹಾಕಿದ್ದ. ಆದರೆ ಸಭೆಗೆಲ್ಲ ರೋಷ ನೆತ್ತಿಗೇರಿತ್ತು. ಕೊನೆಗೆ ಮಂತ್ರಿಗಳು "ಎಲ್ಲರಿಗೂ ಒಪ್ಪಿಗೆಯಾ?" ಅಂದರು. ಒಬ್ಬೊಬ್ಬರಾಗಿ ಹೂಂ ಅಂದರು. ಇವನು ತಲೆ ತಗ್ಗಿಸಿ ಸುಮ್ಮನೆ ಕೂತ.

ಹೆದರಿಕೊಂಡಲ್ಲ ಕಣ್ರಿ. ನಮ್ಮೂರ ನ್ಯಾಯದ ಕಟ್ಟೆ ನೋಡಿ ಬೆಳೆದವನ ರೀತಿಯೇ ಅದು. ಕಟ್ಟೆಯಲ್ಲಿ ಪ್ರತಿಯೊಬ್ಬ ಹಿರಿಯನ ಮುಂದೆ ವೀಳ್ಯ ಇಡುತ್ತಾರೆ. ತೀರ್ಮಾನ ಒಪ್ಪಿದವನು ಬಾಯಿಗಿಡುತ್ತಾನೆ. ಒಪ್ಪದವನು ಎದುರು ಮಾತಾಡಿ ದೊಡ್ಡವರ ಮರ್ಯಾದೆ ತೆಗೆಯೋಲ್ಲ, ವೀಳ್ಯ ಮುಟ್ಟದೆ ತಲೆ ತಗ್ಗಿಸುತ್ತಾನೆ. ಒಂದೇ ಒಂದು ವೀಳ್ಯ ಉಳಿದರೂ ನ್ಯಾಯ ಮುಂದಿನ ಸೋಮವಾರಕ್ಕೆ ಹೋಯಿತು ಅಂತಲೇ ಲೆಕ್ಕ. ಇವರಪ್ಪ ಎಷ್ಟೋ ಹೊಡೆದಾಟಗಳನ್ನು ತುಟಿ ಬಿಚ್ಚದೆ ನಿಲ್ಲಿಸಿದ್ದ. ಹೊರದೇಶದವರ ಮುಂದೆ ಅರಳು ಹುರಿದಂಗೆ ಮಾತಾಡುವ ಮಗನಿಗೆ ನಮ್ಮ ಹಿರಿಯರ ಎದುರು ಮಾತ್ರ ನಾಲಿಗೆ ಏಳದು. ಮಂತ್ರಿಗಳು ತನ್ನ ಮೌನ ನೋಡಿ ನಿಲ್ಲಿಸುತ್ತಾರೆ, ಆಮೇಲೆ ಕರೆದು ಕೇಳುತ್ತಾರೆ ಅಂತ ಕಾದ. ದಿಲ್ಲಿಯಲ್ಲಿ ಕಟ್ಟೆಯ ರೀತಿ ನಡೆಯೋದಿಲ್ಲ ಅನ್ನೋದು ಲೋಕ ಸುತ್ತಿದವನಿಗೆ ಹೊಳೆಯಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಧ್ಯಾಹ್ನ ಕಾರ್ಯದರ್ಶಿಯ ಫೋನು ಬಂತು.

"ತೀರ್ಮಾನ ಸರ್ವಾನುಮತ, ಸಾರ್. ನಿಮ್ಮದೂ ಒಪ್ಪಿಗೆ ಅಂತ ಬರೆದುಕೊಂಡಿದ್ದಾರೆ."

"ನಾನೆಲ್ಲಿ ಒಪ್ಪಿದೆ? ಬಾಯೇ ಬಿಡಲಿಲ್ಲವಲ್ಲ."

"ಬೇಡ ಅಂತಲೂ ಅನ್ನಲಿಲ್ಲ, ಸಾರ್."

ಮಂತ್ರಿಗಳಿಗೆ ಕೊಡಿ, ಈಗಲೇ ಕೊಡಿ ಅಂದ. ಅವರ ದನಿ ಕೇಳಿದ್ದೇ ತಡ, "ಬೇಡ, ದಯವಿಟ್ಟು ನಿಲ್ಲಿಸಿ" ಅಂತ ಜೀವಮಾನದಲ್ಲಿ ಮೊದಲ ಸಲ ದೊಡ್ಡವರೆದುರು ಗಂಟಲೆತ್ತಿದ.

ಮಂತ್ರಿಗಳು ಮೆಲ್ಲಗೆ ಹೇಳಿದರು: "ನೀವೊಬ್ಬರಾದರೂ ಬೇಡ ಅಂತೀರೇನೋ ಅಂತ ನಿಮ್ಮ ಮುಖವನ್ನೇ ನೋಡುತ್ತಿದ್ದೆ. ಅಂದಿದ್ದರೆ ಅದನ್ನೇ ಹಿಡಿದುಕೊಂಡು ನಿಲ್ಲಿಸುತ್ತಿದ್ದೆ. ಈಗ ವಿಮಾನಗಳು ಹೊರಟಾಯಿತು."

ಮೆಟ್ಟಿಲಿಳಿದು ಬಂದರೆ ಕೆಳಗೆ ಅಕ್ಕ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು.

"ಏನಾಯ್ತಪ್ಪ? ನೀನೂ ಒಪ್ಕಂಡ್ಯಾ?"

"ಇಲ್ಲ ಕಣಕ್ಕ. ನಾ ಬಾಯೇ ಬುಡ್ನಿಲ್ಲ."

ಗುರುಸಿದ್ದಮ್ಮನ ಮುಖ ಅರಳಿತು. "ಅಂಗಾದ್ರೆ ನಿಂತೋಯ್ತು ಬುಡು" ಅಂದವಳೇ ಕೋಣೆಯಲ್ಲಿದ್ದ ಸೊಸೆಗೆ ಕೂಗಿ ಹೇಳಿದಳು: "ದೀಪಶ್ರೀ, ಎದ್ರುಕಬ್ಯಾಡ ಕಣವ್ವ. ನಿಮ್ಮಾವ ಬಾಯ್ ಬುಡ್ದೆ ಕುಂತಿದ್ನಂತೆ. ಯುದ್ಧ ಆಗಕಿಲ್ಲ."

ಒಳಗಿಂದ ಆ ಹುಡುಗಿ ಅಳು ನಗು ಎರಡೂ ಸೇರಿದ ದನಿಯಲ್ಲಿ ಕೂಸಿಗೆ ಏನೋ ಹೇಳುವುದು ಕೇಳಿಸಿತು. ಮಲ್ಲಿಕಾರ್ಜುನಸ್ವಾಮಿ ಬಾಗಿಲು ಹಿಡಿದು ನಿಂತ. ಸುಮ್ಮನಿದ್ದರೆ ಸಂಜೆಯವರೆಗಾದರೂ ಆ ಮನೆ ನೆಮ್ಮದಿಯಾಗಿರುತ್ತಿತ್ತು.

"ನಿಲ್ನಿಲ್ಲ ಕಣಕ್ಕ," ಅಂದ. "ಸುರುವಾಗೋಯ್ತು. ನಾ ಬಾಯ್ ಬುಟ್ಟಿದ್ರೆ ನಿಲ್ತಿತ್ತು."