ಬಾಗಿಲ ಮೇಲಿನ ಮೂರು ಪದ

"ಅಕ್ಕಾ, ಇದು ಬೈಬಲ್ಲಲ್ಲೇ ಎಲ್ಲಕ್ಕಿಂತ ಚಿಕ್ಕ ವಚನ, ಸಂಡೇ ಸ್ಕೂಲಿಗೆ ಓದ್ಕೊಳ್ದೆ ಬಂದೋರು ತಪ್ಪಿಸ್ಕೊಳ್ಳೋಕೆ ಹೇಳೋದು! ನಾನೇ ಎಂಟು ವರ್ಷ ಇದನ್ನ ಹೇಳಿ ಪಾರಾಗಿದೀನಿ. ಇದನ್ನ ಬಾಗಿಲ ಮೇಲೆ ಬರೆಸೋದಾ?"

ಬಣ್ಣ ಕಲಕುತ್ತಿದ್ದ ಸೆಲ್ವಿನ್ ನಕ್ಕ. ಜ್ಞಾನತಂಗಂ ನಗಲಿಲ್ಲ.

"ಬರಿ ತಂಬಿ. 'ಯೇಸು ಕಣ್ಣೀರು ಬಿಟ್ಟನು.' ಅಷ್ಟೇ."

ಕ್ರಿಸ್‌ಮಸ್‌ಗೆ ಹತ್ತು ದಿನವಿತ್ತು. ತಿರುನೆಲ್ವೇಲಿ ಸೀಮೆಯ ಆ ತಾಳೆಮರಗಳ ಊರಿನಲ್ಲಿ ಮನೆಮನೆಗೂ ಸುಣ್ಣ ಬಿದ್ದಿತ್ತು. ಸುಣ್ಣವಾದ ಮೇಲೆ ಬಾಗಿಲ ಮೇಲಿನ ವಚನವನ್ನು ಹೊಸ ಬಣ್ಣದಲ್ಲಿ ತಿದ್ದಿಸುವುದು ರೂಢಿ. ತಿದ್ದಿಸುವವರುಂಟು, ಬದಲಾಯಿಸುವವರಿಲ್ಲ. ಈ ಮನೆಯದು ಮದುವೆಯಾದ ವರ್ಷ ಆಕೆಯ ಗಂಡ ಆಶೀರ್ವಾದಂ ತಾವೇ ಆರಿಸಿ ಬರೆಸಿದ್ದು: 'ನಾನೂ ನನ್ನ ಮನೆಯವರೂ ಕರ್ತನನ್ನೇ ಸೇವಿಸುವೆವು.' ಮಕ್ಕಳಾಗಲಿಲ್ಲ. ಆದರೂ ಅವರು ಇರುವಷ್ಟು ಕಾಲ ಆ 'ಮನೆಯವರು' ತಾನೇ ಎಂದು ಜ್ಞಾನತಂಗಂಗೆ ಗೊತ್ತಿತ್ತು. ಜುಲೈಯಲ್ಲಿ ಅವರು ತೀರಿಹೋದರು. ಈಗ 'ನಾನು' ಯಾರು, 'ಮನೆಯವರು' ಯಾರು? ಬೀಗ ತೆಗೆಯುವಾಗೆಲ್ಲ ಆಕೆ ತಲೆ ತಗ್ಗಿಸಿಯೇ ಒಳಗೆ ಹೋಗುತ್ತಿದ್ದಳು.

ಸಂಜೆಯ ಪ್ರಾರ್ಥನೆಯದೂ ಅದೇ ಪಾಡು. ಬೈಬಲ್ಲಿನ ಕೀರ್ತನೆಯ ಒಂದು ವಚನ ಅವರು, ಒಂದು ಈಕೆ, ಹೀಗೆ ಓದಿ ಮೂವತ್ತೊಂದು ವರ್ಷದ ಅಭ್ಯಾಸ. ಈಗಲೂ ತನ್ನ ಪಾಲಿನದನ್ನು ಓದಿ ಸುಮ್ಮನೆ ಕಾಯುತ್ತಾಳೆ. ಆಮೇಲೆ ನೆನಪಾಗಿ ಅವರದನ್ನೂ ತಾನೇ ಓದುತ್ತಾಳೆ.

"ಅಯ್ಯೋ, ಏನಿದು! ಅಣ್ಣ ಬರೆಸಿದ್ದನ್ನ ಕೆರೆದೇ ಹಾಕಿಬಿಟ್ಯಾ?"

ಬೀದಿಯಿಂದಲೇ ಕೂಗುತ್ತ ಅಂಗಳಕ್ಕೆ ಬಂದವಳು ನಾದಿನಿ ಕಿರುಬೈ. ಎರಡು ಮನೆ ಆಚೆ ಇರುವವಳು, ಆಶೀರ್ವಾದಂಗೆ ಒಬ್ಬಳೇ ತಂಗಿ.

"ಹಬ್ಬದ ದಿನ ಬಾಗಿಲ ಮೇಲೆ ಅಳು ಬರೆಸ್ತಾರಾ ಅತ್ತಿಗೆ? 'ಕರ್ತನು ನನಗೆ ಕುರುಬನು' ಬರೆಸು. 'ಭಯಪಡಬೇಡ' ಬರೆಸು. ಬೈಬಲ್ಲಲ್ಲಿ ಬೇರೆ ಮಾತೇ ಸಿಗಲಿಲ್ವಾ ನಿಂಗೆ? ಬಂದವರು ಏನಂದಾರು?"

"ಬರೋರು ಯಾರು, ಕಿರುಬೈ?"

ಜ್ಞಾನತಂಗಂಗೆ ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದ ಮಾತು ಬಿಚ್ಚಿಕೊಂಡಿತು.

"ಎಲ್ಲಾನೂ ಓದ್ದೆ. ಆದಿಕಾಂಡದಿಂದ ಹಿಡಿದು ಓದ್ದೆ. ಎಲ್ಲಾ ವಚನಾನೂ ನನಗೆ ಧೈರ್ಯ ಹೇಳೋವೇ. ನಿಮ್ಮಣ್ಣನ್ನ ಎತ್ತೋ ದಿನ ನೀವೆಲ್ಲ ಏನಂದ್ರಿ? ಅಳಬೇಡ, ಅವರು ಕರ್ತನಲ್ಲಿ ನಿದ್ದೆ ಮಾಡ್ತಿದಾರೆ, ಅತ್ತರೆ ಅವಿಶ್ವಾಸ ಅಂದ್ರಿ. ಚರ್ಚಿನ ಅಯ್ಯನವರೂ ಅದೇ ಅಂದ್ರು. ನೀನು ನನ್ನ ಕೈ ಹಿಡ್ಕೊಂಡು ಹಾಡಿಸ್ದೆ. ನಾನೂ ಹಾಡ್ದೆ. ಅವತ್ತು ನುಂಗಿದ್ದು ಇವತ್ತಿಗೂ ಇಲ್ಲೇ ಕೂತಿದೆ."

"ನಮ್ಮ ನಂಬಿಕೆಯ ಸಾಕ್ಷಿ ಕೆಡಬಾರ್ದು ಅಂತ..."

"ಸತ್ತುಹೋಗಿದ್ದ ಲಾಜರನನ್ನ ಇನ್ನೊಂದು ಗಳಿಗೇಲಿ ಎಬ್ಬಿಸ್ತೀನಿ ಅಂತ ಯೇಸುಗೆ ಗೊತ್ತಿತ್ತಲ್ವಾ? ಗೊತ್ತಿದ್ದೂ ಅತ್ತ. ಆತನ ಸಾಕ್ಷಿ ಕೆಟ್ಟಿತಾ? ನನಗೆ ದಿನಾ ಬಾಗಿಲು ತೆಗೆಯೋವಾಗ ಇದೊಂದು ಮಾತು ಕಂಡರೆ ಸಾಕು. ಇದರ ಕೆಳಗೆ ಒಳಗೆ ಹೋಗ್ತೀನಿ, ಹೊರಗೆ ಬರ್ತೀನಿ. ಬೇರೆ ಏನೂ ಬೇಡ."

ಕಿರುಬೈ ಮುಖ ತಿರುಗಿಸಿ ಸರಸರನೆ ಬೀದಿಗೆ ಇಳಿದಳು. ಸೆಲ್ವಿನ್ ಗೋಡೆಗೆ ಏಣಿ ಒರಗಿಸಿ ಹತ್ತಿ ಮೊಳ ಹಾಕಿ ನೋಡಿದ.

"ಅಕ್ಕಾ, ಮೂರೇ ಪದ. ಎರಡು ಕಡೆಗೂ ಜಾಗ ಉಳಿಯುತ್ತೆ. ಬಳ್ಳಿ ಗಿಳ್ಳಿ ಬರೀಲಾ?"

"ಬೇಡ ತಂಬಿ. ಉಳೀಲಿ."

ಮರಳಿನಲ್ಲಿ ಏಣಿಯ ಒಂದು ಕಾಲು ಹೂತು ಅವನು ವಾಲಿದ. ಜ್ಞಾನತಂಗಂ ಹೊಸ್ತಿಲು ದಾಟುವಷ್ಟರಲ್ಲಿ ಬೀದಿಯ ಅರ್ಧ ದೂರದಿಂದ ಕಿರುಬೈ ಓಡಿಬಂದು ಎರಡೂ ಕೈಯಿಂದ ಏಣಿ ಹಿಡಿದಳು. ಬಿಡಲಿಲ್ಲ, ಹಿಡಿದೇ ನಿಂತಳು. ಸೆಲ್ವಿನ್ ಮೊದಲ ಪದ ಮುಗಿಸಿ ಎರಡನೆಯದನ್ನು ಶುರುಮಾಡಿದ. 'ಕ' ಆಯಿತು. 'ಣ್ಣೀ' ಬರೆಯುವಾಗ ಏಣಿ ಮೆಲ್ಲಗೆ ನಡುಗತೊಡಗಿತು. ಅವನು ಕೆಳಗೆ ನೋಡಿದ. ಕಿರುಬೈಯ ತಲೆ ಏಣಿಯ ಮೆಟ್ಟಿಲಿಗೆ ಆತುಕೊಂಡಿತ್ತು, ಬೆನ್ನು ಅದುರುತ್ತಿತ್ತು. ಪಕ್ಕದಲ್ಲಿ ಜ್ಞಾನತಂಗಂ ಏಣಿಯ ಇನ್ನೊಂದು ಕಾಲು ಹಿಡಿದು, ಸೆರಗಿನಿಂದ ಬಾಯಿ ಮುಚ್ಚಿಕೊಳ್ಳದೆ ಅಳುತ್ತ ನಿಂತಿದ್ದಳು.

ಸೆಲ್ವಿನ್ ಕುಂಚವನ್ನು ಗೋಡೆಯಿಂದ ಎತ್ತಿ ಹಿಡಿದು, ಏಣಿ ನಿಲ್ಲುವವರೆಗೂ ಕಾದ.