ಬಂಪರಿನ ಗೂಡಿನಲ್ಲಿ ನಾನು ಉರಿಯುತ್ತಲೇ ಇದ್ದೆ

ನಾನು ಒಂದು ಫಾಗ್ ಲೈಟ್. ಅದೂ ಜೀಪಿನ ಹಿಂಬದಿಯದು. ಇಷ್ಟು ಹೇಳಿದ ಕೂಡಲೇ ಕೇಳಿದವರ ಮುಖ ಸಪ್ಪಗಾಗುತ್ತದೆ, ನನಗೆ ಗೊತ್ತು. ಮುಂದಿನ ಲೈಟಿನ ಮೇಲೆ ಎಲ್ಲರಿಗೂ ಅಕ್ಕರೆ. ಅದಕ್ಕೆ ಹಳದಿ ಹಾಳೆ ಅಂಟಿಸುತ್ತಾರೆ, ಜಾಲರಿ ಹಾಕಿಸುತ್ತಾರೆ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ತಮಗೆ ದಾರಿ ತೋರಿಸುತ್ತದಲ್ಲ! ನಾನು ಉರಿಯುವುದು ಒಡೆಯನಿಗಾಗಿ ಅಲ್ಲ, ಅವನ ಹಿಂದೆ ಬರುವವನಿಗಾಗಿ. ಒಡೆಯ ಸೀಟಿನಲ್ಲಿ ಕೂತು ಒಮ್ಮೆಯೂ ನನ್ನ ಬೆಳಕನ್ನು ನೋಡಲಾರ. ಕಾಣದ್ದಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ನಾನು ಹುಟ್ಟಿದ್ದು ಉತ್ತರದ ಯಾವುದೋ ಊರಿನ ತಗಡಿನ ಶೆಡ್ಡಿನಲ್ಲಿ. ಕೆಂಪು ಪ್ಲಾಸ್ಟಿಕ್ಕಿನ ದುಂಡು ಮುಖ, ಒಳಗೆ ಹೊಳೆಯುವ ಬಟ್ಟಲು, ಅದರ ನಡುವೆ ಇಪ್ಪತ್ತೊಂದು ವ್ಯಾಟಿನ ಬಲ್ಬು, ಅಂಚಿಗೆ ರಬ್ಬರಿನ ಬಳೆ. ನನ್ನ ಹಿಂದೆಯೇ ಅಚ್ಚಿನಿಂದ ಬಿದ್ದ ತಮ್ಮನನ್ನೂ ನನ್ನನ್ನೂ ಒಂದೇ ಡಬ್ಬಿಯಲ್ಲಿ ಮಲಗಿಸಿದರು. ಲಾರಿ ಹತ್ತಿ, ಇಳಿದು, ಮತ್ತೆ ಹತ್ತಿ ಚಿಕ್ಕಮಗಳೂರಿನ ಬಿಡಿಭಾಗಗಳ ಅಂಗಡಿಯೊಂದಕ್ಕೆ ಬಂದೆವು. ಅಲ್ಲಿ ಎರಡು ಮಳೆಗಾಲ ದೂಳು ತಿಂದೆವು. ಹಾರ್ನುಗಳು ಮಾತ್ರ ನಮ್ಮ ಕಣ್ಣೆದುರೇ ರಾಶಿ ರಾಶಿಯಾಗಿ ಹೋದವು. ಈ ಜನಕ್ಕೆ ಕೂಗಿಕೊಳ್ಳುವುದು ಬೇಕು, ಕಾಣಿಸಿಕೊಳ್ಳುವುದು ಬೇಡ ಎಂದು ನನಗೆ ಆಗಲೇ ಸಿಟ್ಟು ಬಂದಿತ್ತು.

ಕೊನೆಗೆ ನಮ್ಮನ್ನು ಕೊಂಡವನು ಖಲೀಲ್. ಪ್ರವಾಸಿಗರನ್ನು ಗಿರಿಯ ಮೇಲಕ್ಕೆ ಕರೆದೊಯ್ಯುವ ಜೀಪ್ ಡ್ರೈವರ್. ಅವನು ನಮ್ಮನ್ನು ಕೊಂಡದ್ದು ತನ್ನ ಜೀಪಿಗಲ್ಲ, ಗೆಳೆಯ ಓಂಕಾರಪ್ಪನ ಜೀಪಿಗೆ. ಗಿರಿಯ ಬುಡದ ಸ್ಟ್ಯಾಂಡಿನಲ್ಲಿ ಜೀಪುಗಳು ಸರದಿಯ ಪ್ರಕಾರ ಹೊರಡುತ್ತವೆ. ಓಂಕಾರಪ್ಪನ ಸರದಿ ಮುಗಿದರೆ ಖಲೀಲನದು. ಹದಿನಾಲ್ಕು ವರ್ಷದಿಂದ ಅವನು ಮುಂದೆ, ಇವನು ಹಿಂದೆ.

"ಮಂಜು ಬಿದ್ರೆ ನಿನ್ ಹಳೇ ಟೈಲ್‌ಲೈಟು ಬೀಡಿ ಹಚ್ಚಿದಂಗೆ ಕಾಣುತ್ತೆ ಮಾರಾಯ," ಎಂದು ಖಲೀಲ್ ಡಬ್ಬಿಯನ್ನು ಗೆಳೆಯನ ಮಡಿಲಿಗೆ ಹಾಕಿದ. "ನನ್ ಜೀವ ನಿನ್ ಬಾಲದಲ್ಲಿದೆ ಕಣೋ. ಹಾಕಿಸ್ಕೋ."

ಕೂರಿಸುವ ಕೆಲಸ ಪಿಂಟೊ ಮಾಮನದು. ಗ್ಯಾರೇಜಿನಲ್ಲಿ ಮೂವತ್ತು ವರ್ಷ ಕಬ್ಬಿಣದ ಜೊತೆ ಗುದ್ದಾಡಿದ ಮನುಷ್ಯ. ಓಂಕಾರಪ್ಪ ನಮ್ಮನ್ನು ಬಂಪರಿನ ಕೆಳಗೆ ತೂಗುಹಾಕಿದರೆ ಸಾಕು ಎಂದ. ಪಿಂಟೊ ಮಾಮ ಬಯ್ದೇಬಿಟ್ಟ.

"ಕೆಳಗೆ ತೂಗಾಕಿದ್ರೆ ಎಂಟು ದಿನ ಬಾಳಲ್ಲ. ಕಲ್ಲು ಬಡಿಯುತ್ತೆ, ರಿವರ್ಸ್ ತಗೊಳ್ಳುವಾಗ ರಸ್ತೆ ಬದಿ ಮಣ್ಣಿನ ದರೆಗೆ ಉಜ್ಜುತ್ತೆ. ಬಂಪರಿನ ಒಳಗೇ ಕೂರಿಸ್ತೇನೆ, ಸುಮ್ನಿರು."

ಎರಡು ದಿನ ಹಿಡಿಯಿತು. ದಪ್ಪ ಕಬ್ಬಿಣದ ಬಂಪರಿನಲ್ಲಿ ಎಡಕ್ಕೊಂದು ಬಲಕ್ಕೊಂದು ದುಂಡು ತೂತು ಕೊರೆದ. ಅಂಚನ್ನು ಅರದಿಂದ ತೀಡಿ, ಬೆರಳಾಡಿಸಿ ನೋಡಿ, ಮತ್ತೆ ತೀಡಿದ. ತೂತಿನ ಹಿಂದೆ ತಗಡನ್ನು ಬಗ್ಗಿಸಿ ಗೂಡು ಮಾಡಿ ಬೆಸೆದ. ಕೆಸರುನೀರು ನಿಲ್ಲದಿರಲೆಂದು ಗೂಡಿನ ತಳಕ್ಕೆ ಸಣ್ಣ ರಂಧ್ರವಿಟ್ಟ. ಎರಡು ಬೆರಳಿನಷ್ಟು ಒಳಗೆ ನಮ್ಮನ್ನು ಕೂರಿಸಿ, ವೈರನ್ನು ಕೊಳವೆಯಲ್ಲಿ ಎಳೆದು, ಸ್ಟೇರಿಂಗಿನ ಪಕ್ಕ ಒಂದು ಸ್ವಿಚ್ಚು ಕೊಟ್ಟ. ನಾವು ಉರಿದರೆ ಅಲ್ಲೊಂದು ಪುಟ್ಟ ಹಳದಿ ದೀಪ ಹತ್ತಿ ಡ್ರೈವರಿಗೆ ತಿಳಿಸುತ್ತದೆ. ನನ್ನ ಬಾಳಿನಲ್ಲಿ ನನಗೆ ತಕ್ಕ ಮರ್ಯಾದೆ ಸಿಕ್ಕಿದ್ದು ಆ ಎರಡು ದಿನ ಮಾತ್ರ.

ಮೊದಮೊದಲು ಸ್ಟ್ಯಾಂಡಿನವರು ನಕ್ಕರು. "ಓಂಕಾರಪ್ಪ ಹಿಂದಕ್ಕೂ ಕಣ್ಣಿಟ್ಕೊಂಡಿದಾನೆ" ಎಂದರು. ಆದರೆ ಆಷಾಢದ ಮಂಜಿನಲ್ಲಿ ಎಲ್ಲ ಜೀಪೂ ಮಾಯವಾದಾಗ ನಾವಿಬ್ಬರೇ ಕೆಂಡದ ಹಾಗೆ ಕಂಡೆವು. ತಿಂಗಳೊಳಗೆ ಇನ್ನೂ ಐದು ಜೀಪಿನವರು ಪಿಂಟೊ ಮಾಮನ ಬಾಗಿಲಲ್ಲಿ ನಿಂತರು. ಹಾಗೆಂದು ನಮ್ಮ ಪಾಡು ಸುಧಾರಿಸಿತೆಂದುಕೊಳ್ಳಬೇಡಿ. ಪ್ರವಾಸಿಗರಿಗೆ ನಮ್ಮ ಗೂಡು ಜೀಪು ಹತ್ತುವ ಮೆಟ್ಟಿಲಾಯಿತು. ಬೂಟಿನ ತುದಿಯನ್ನು ನನ್ನ ಮುಖಕ್ಕೇ ಒತ್ತಿ ಹತ್ತುತ್ತಿದ್ದರು. ಒಬ್ಬ ಮಹಾಶಯ ಜೋಳದ ತೆನೆ ತಿಂದು, ಉಳಿದ ದಿಂಡನ್ನು ನನ್ನ ಗೂಡಿಗೇ ತುರುಕಿ ಹೋದ. ನಾನು ಸಹಿಸಿದೆ. ಹಿಂದೆ ಖಲೀಲ್ ಬರುತ್ತಿದ್ದಾನೆ, ಅವನಿಗೆ ಕಂಡರಾಯಿತು ಎಂದುಕೊಂಡೆ.

ಆಯುಧಪೂಜೆ ಬಂತು. ಓಂಕಾರಪ್ಪ ಜೀಪನ್ನು ತೊಳೆದು ಅಂಗಳದಲ್ಲಿ ನಿಲ್ಲಿಸಿದ. ಪೂಜೆ ಮಾಡುವವರು ಅವನ ತಾಯಿ ಹಾಲಮ್ಮ. ವಯಸ್ಸು ಎಪ್ಪತ್ತು ದಾಟಿದ್ದರೂ ಬಾಗಿ ಬಾಗಿ ಜೀಪಿನ ಒಂದೊಂದು ಅಂಗಕ್ಕೂ ವಿಭೂತಿ ಎಳೆದು ಕುಂಕುಮ ಇಟ್ಟರು. ಹಿಂದಕ್ಕೆ ಬಂದು ನಮ್ಮನ್ನು ಕಂಡಾಗ ಅವರ ಮುಖ ಅರಳಿತು. "ಇವು ನನ್ ಮಗನ ಬೆನ್ನು ಕಾಯೋ ದೇವ್ರು," ಎಂದು ಅಂಗೈ ತುಂಬ ಗಂಧ ತೆಗೆದು ನಮ್ಮ ಮುಖಕ್ಕೆ ಮೆತ್ತಿದರು. ಮೇಲೆ ವಿಭೂತಿ, ಅದರ ಮೇಲೆ ಕುಂಕುಮ. ಟೈಲ್‌ಲೈಟಿಗೂ ಹಾಗೇ. ಜೀವಮಾನದಲ್ಲಿ ನನ್ನನ್ನು ದೇವರು ಎಂದವರು ಅವರೊಬ್ಬರೇ. ಅವರ ಕೈಯಲ್ಲೇ ನಾನು ಕುರುಡನಾದೆ.

ಪೂಜೆಗೆ ಖಲೀಲನೂ ಬಂದಿದ್ದ, ಪ್ರತಿ ವರ್ಷದಂತೆ. ಕಡ್ಲೆಪುರಿ ತಿನ್ನುತ್ತಾ ಜೀಪಿನ ಹಿಂದೆ ಬಂದವನು ನನ್ನನ್ನು ನೋಡಿ ನಿಂತ. ಜೇಬಿನಿಂದ ಒರೆಸುವ ಬಟ್ಟೆ ತೆಗೆದ. ಒರೆಸೋ, ಒರೆಸೋ ಎಂದು ನಾನು ಒಳಗೊಳಗೇ ಕೂಗಿದೆ. ಅವನು ಹಾಲಮ್ಮನ ಕಡೆ ನೋಡಿದ, ಬಟ್ಟೆಯನ್ನು ಮಡಚಿ ಮತ್ತೆ ಜೇಬಿಗೆ ಇಟ್ಟುಕೊಂಡ. ಮರುದಿನ ಓಂಕಾರಪ್ಪನೂ ನನ್ನೆದುರು ಕುಕ್ಕರಗಾಲಲ್ಲಿ ಕೂತ. ಉಗುರಿನಿಂದ ಗಂಧವನ್ನು ಮುಟ್ಟಿದ. ಒಳಗಿನಿಂದ ತಾಯಿಯ ಕೆಮ್ಮು ಕೇಳಿದ್ದೇ ಎದ್ದುಹೋದ. ಇಬ್ಬರಿಗೂ ಕಣ್ಣಿತ್ತು, ಬುದ್ಧಿಯಿತ್ತು, ಬಾಯಿಯೂ ಇತ್ತು. ಮಳೆಯಾದರೂ ತೊಳೆಯುತ್ತದೆಂದು ಕಾದೆ. ಆದರೆ ಪಿಂಟೊ ಮಾಮನ ಗೂಡು ಕಲ್ಲನ್ನು ತಡೆದಂತೆ ಮಳೆಯನ್ನೂ ತಡೆಯಿತು. ಗಂಧ ಒಣಗಿ ಗಾರೆಯಾಯಿತು.

ಹನ್ನೊಂದನೆಯ ದಿನ ಮಧ್ಯಾಹ್ನ. ಗಿರಿಯಿಂದ ಇಳಿಯುವಾಗ ಮಂಜು ದಟ್ಟವಾಗಿ ಕವಿಯಿತು. ಓಂಕಾರಪ್ಪ ಸ್ವಿಚ್ಚು ಹಾಕಿದ. ಹಳದಿ ದೀಪ ಹತ್ತಿದ್ದನ್ನು ನೋಡಿ ನಿಶ್ಚಿಂತೆಯಿಂದ ಇಳಿದ. ನಾನು ಉರಿದೆ. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಉರಿದೆ. ಬೆಳಕು ಗಂಧಕ್ಕೆ ಬಡಿದು ನನ್ನೊಳಗೇ ಮರಳಿತು. ಇಕ್ಕಟ್ಟಿನ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು, ಓಂಕಾರಪ್ಪ ಗಕ್ಕನೆ ನಿಲ್ಲಿಸಿದ. ಹಿಂದೆ ಖಲೀಲನ ಇಂಜಿನ್ ಸದ್ದು ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ಕೊನೆಯ ಗಳಿಗೆಯಲ್ಲಿ ಅವನು ಎಡಕ್ಕೆ ಎಳೆದ. ಅವನ ಜೀಪಿನ ಬಲಮೂಲೆ ನಮ್ಮ ಎಡಮೂಲೆಗೆ ನುಗ್ಗಿತು. ನನ್ನ ತಮ್ಮ ಚೂರುಚೂರಾದ. ಪ್ರವಾಸಿಗರಿಗೆ ತರಚುಗಾಯ ಮಾತ್ರ. ಖಲೀಲನ ಬಲಗಾಲು ಪೆಡಲುಗಳ ನಡುವೆ ಜಜ್ಜಿಹೋಗಿತ್ತು.

ಅವನನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಸಾಗಿಸಿದ ಮೇಲೆ ಓಂಕಾರಪ್ಪ ನನ್ನ ಬಳಿ ಬಂದ. ನಾನು ಇನ್ನೂ ಉರಿಯುತ್ತಿದ್ದೆ. ಹೆಬ್ಬೆರಳಿನಿಂದ ಗಂಧವನ್ನು ಕೆರೆದ, ನನ್ನ ಬೆಳಕು ಬಿದ್ದು ಅವನ ಅಂಗೈ ಕೆಂಪಾಯಿತು. ಆಮೇಲೆ ಉಳಿದದ್ದನ್ನೂ ಒರೆಸಿ ತೆಗೆದ. ಸ್ಟ್ಯಾಂಡಿನವರು ಓಡಿ ಬಂದು ಏನಾಯಿತೆಂದು ಕೇಳಿದರೆ, "ಹಿಂದಿನ ಲೈಟು ಕೈಕೊಡ್ತು," ಎಂದ.

ಕೈಕೊಟ್ಟವನು ನಾನಂತೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡು ಮಲಗಿದ ಖಲೀಲನೂ, ಕೇಳಿದವರಿಗೆಲ್ಲ "ಹೌದು, ಲೈಟು ಉರೀತಿರ್ಲಿಲ್ಲ" ಎಂದನಂತೆ. ಪಿಂಟೊನ ಕೆಲಸ ಕೆಟ್ಟದ್ದು ಎಂಬ ಮಾತು ಹಬ್ಬಿತು. ಗೂಡಿಗೆ ನೀರು ಹೋಗಿ ವೈರು ಸುಟ್ಟಿದೆ ಎಂದು ಕಣ್ಣಾರೆ ಕಂಡವರ ಹಾಗೆ ಹೇಳಿದರು. ಉಳಿದ ಐದು ಜೀಪಿನವರು ತಮ್ಮ ಲೈಟುಗಳನ್ನು ಕಿತ್ತು ತೂತಿಗೆ ತಗಡು ಹೊಡೆಸಿಕೊಂಡರು. ಈಗ ಇಡೀ ಸಾಲು ಮಂಜಿನಲ್ಲಿ ಕುರುಡಾಗಿ ಇಳಿಯುತ್ತಿತ್ತು. ಒಂದು ಸುಳ್ಳಿಗೆ ಇನ್ನೆಷ್ಟು ಕಾಲು ಬೇಕಿತ್ತೋ!

ಖಲೀಲ್ ಮತ್ತೆ ಜೀಪು ಓಡಿಸುವಂತಿರಲಿಲ್ಲ. ಅವನನ್ನು ಕರೆದು ಸ್ಟೂಲು ಹಾಕಿ ಕೂರಿಸಿ ವೈರಿಂಗ್ ಕೆಲಸ ಕಲಿಸಿದವನು ಪಿಂಟೊ ಮಾಮನೇ. ಯಾರ ಮಾತಿನಿಂದ ಗ್ಯಾರೇಜು ಅರ್ಧ ಖಾಲಿಯಾಯಿತೋ ಅವನಿಗೇ ಅನ್ನ.

ಆರು ತಿಂಗಳಾದ ಮೇಲೆ ಓಂಕಾರಪ್ಪ ನನ್ನನ್ನು ಕೀಳಿಸಲು ಅಲ್ಲಿಗೆ ಬಂದ. ಪೇಟೆಗೆಂದು ಹೊರಟ ಹಾಲಮ್ಮನೂ ಜೀಪಿನಲ್ಲಿದ್ದರು. ಪಿಂಟೊ ಮಾಮ ನನ್ನನ್ನು ಬಿಚ್ಚಿದ. ನನ್ನ ಎರಡು ವೈರನ್ನು ಬ್ಯಾಟರಿಗೆ ಸಿಕ್ಕಿಸಿದ. ನಾನು ಗ್ಯಾರೇಜಿನ ಗೋಡೆಯೆಲ್ಲ ಕೆಂಪಾಗುವಂತೆ ಉರಿದೆ.

"ನೀರು ಹೋಗಿಲ್ಲ, ವೈರು ಸುಟ್ಟಿಲ್ಲ. ನನ್ ಕೆಲಸದಲ್ಲಿ ಎಂತ ತಪ್ಪಿದೆ, ತೋರ್ಸು," ಎಂದ.

ಸ್ಟೂಲಿನಿಂದ ಖಲೀಲನೇ ಮಾತಾಡಿದ. "ಬಿಡಿ ಮಾಮ. ಅವತ್ತೂ ಉರೀತಿತ್ತು. ಗಂಧ ಮೆತ್ತಿತ್ತು ಅಷ್ಟೆ. ಪೂಜೆ ದಿನಾನೇ ನೋಡಿದ್ದೆ, ಬಟ್ಟೆನೂ ತೆಗ್ದಿದ್ದೆ. ಅಮ್ಮ ಇಟ್ಟ ಕುಂಕುಮ ನಾನ್ ಒರೆಸಿದ್ರೆ ಹೆಂಗಿರುತ್ತೆ ಅಂತ ಸುಮ್ನಾದೆ. ಆಮೇಲೆ ಅಮ್ಮನ ಮೇಲೆ ಮಾತು ಬರಬಾರ್ದು ಅಂತ ಸುಳ್ಳು ಹೇಳ್ದೆ."

"ನಾನೂ ನೋಡಿದ್ದೆ," ಎಂದ ಓಂಕಾರಪ್ಪ. "ಒರೆಸಿದ್ರೆ ಅಮ್ಮ ನೊಂದ್ಕೋತಾಳೆ ಅಂತ..."

ಜೀಪಿನಿಂದ ಹಾಲಮ್ಮ ಯಾವಾಗ ಇಳಿದರೋ ಯಾರಿಗೂ ತಿಳಿಯಲಿಲ್ಲ. "ನೊಂದ್ಕೋತೀನಿ ಅಂತ ಯಾರೋ ನಿಮ್ಗೆ ಹೇಳಿದ್ದು?" ಅವರ ದನಿ ಏರಿತು. "ನನ್ನೊಂದ್ ಮಾತು ಕೇಳಿದ್ರಾ? ದಿನಾ ಬೆಳಗ್ಗೆ ದೇವ್ರ ದೀಪದ ಕರಿ ತೆಗೆದು ಹಚ್ಚೋಳು ನಾನು. ದೀಪಕ್ಕೆ ಅಡ್ಡ ಇರಬಾರ್ದು ಅಂತ ನಂಗೆ ಗೊತ್ತಾಗಲ್ವಾ? 'ಅಮ್ಮ, ಇಲ್ಲಿ ಬ್ಯಾಡ, ಕಬ್ಬಿಣದ ಮೇಲೆ ಇಡು' ಅಂದಿದ್ರೆ ನಾನೇ ಸೆರಗಲ್ಲಿ ಒರೆಸ್ತಿದ್ದೆನಲ್ಲೋ! ಅಷ್ಟು ಮೂಢಳು ಅಂದ್ಕೊಂಡ್ರಾ ಇಬ್ರೂ ನನ್ನ?"

ಹಾಲಮ್ಮ ಗ್ರೀಸು ಮೆತ್ತಿದ ನೆಲದ ಮೇಲೆಯೇ ಕೂತು, ಖಲೀಲನ ಮಡಚಿ ಕಟ್ಟಿದ್ದ ಪ್ಯಾಂಟಿನ ಕಾಲನ್ನು ಹಿಡಿದು ಜೋರಾಗಿ ಅತ್ತರು.

ಅಂದು ಸಂಜೆಯೇ ಅವರು ಮಗನನ್ನು ಸ್ಟ್ಯಾಂಡಿಗೆ ನಡೆಸಿಕೊಂಡು ಹೋಗಿ ಎಲ್ಲರೆದುರು ನಿಜ ಹೇಳಿಸಿದರಂತೆ. ಐದೂ ಜೀಪುಗಳು ಮತ್ತೆ ಬಂದವು, ಓಂಕಾರಪ್ಪನದೂ ಬಂತು. ಅದಕ್ಕೆ ಹೊಸ ಜೋಡಿ ಕೂರಿಸಿದರು. ನಾನು ಒಂಟಿ, ಹಾಗಾಗಿ ಗ್ಯಾರೇಜಿನ ಕಿಟಕಿಯ ಕಟ್ಟೆಯೇ ನನಗೆ ಗತಿ. ನನ್ನ ಮೇಲಿನ ಅಪವಾದ ಹೋಯಿತು, ಸಿಟ್ಟು ಹೋಗಿಲ್ಲ. ಕೆಟ್ಟವರ ಮೇಲೆ ಸಿಟ್ಟು ಮಾಡುವುದು ಸುಲಭ. ಇಲ್ಲಿ ಕೆಟ್ಟವರು ಯಾರು ಹೇಳಿ? ಒಬ್ಬರು ಅಕ್ಕರೆಯಿಂದ ಮೆತ್ತಿ, ಇಬ್ಬರು ಅವರ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದು, ಮೂವರು ಒಳ್ಳೆಯ ಜನ ಸೇರಿ ಒಂದು ಕಾಲು ತೆಗೆದರು.

ಖಲೀಲ್ ಬೆಳಗ್ಗೆ ಬಂದವನೇ ಜೇಬಿನಿಂದ ಬಟ್ಟೆ ತೆಗೆದು ನನ್ನನ್ನು ಒರೆಸುತ್ತಾನೆ, ದಿನವೂ, ಒಂದು ದಿನವೂ ತಪ್ಪಿಸದೆ. ನನಗೆ ಬೇಕಾಗಿದ್ದದ್ದು ಒಂದೇ ದಿನ.